ಭೂಮಿ ಹುಣ್ಣಿಮೆಗೆ ಅಡಿಕೆ ಸುಲಿಯಲು ಬಂದವರನ್ನು ಗದ್ದೆಗೆ ಕರೆಯಬಹುದೇ?

ಕೆಂಪುಮಣ್ಣು
ಸಾಗರ ತಾಲ್ಲೂಕಿನ ಹಳ್ಳಿ ನಮ್ಮದು. ಒಂದೂವರೆ ಎಕರೆ ಅಡಿಕೆ, ಮುಕ್ಕಾಲು ಎಕರೆ ಗದ್ದೆ. ಈ ಸಲ ಮೂರು ಮನೆಯವರು ಸೇರಿ ಒಂದೇ ಅಂಗಳದಲ್ಲಿ ಅಡಿಕೆ ಸುಲಿಸುತ್ತಿದ್ದೇವೆ. ಊರಿನ ಹೆಂಗಸರು ಮೊದಲಿನಷ್ಟು ಸಿಗುವುದಿಲ್ಲ. ಅಸ್ಸಾಂನಿಂದ ಏಳು ಜನ ಬಂದಿದ್ದಾರೆ, ಹಳೆಯ ಗೋದಾಮಿನಲ್ಲಿ ಉಳಿದುಕೊಂಡಿದ್ದಾರೆ. ಊರಿನವರೆಲ್ಲ ಅವರನ್ನು 'ಹಿಂದಿಯವರು' ಎನ್ನುತ್ತಾರೆ. ನಾನೂ ಹಾಗೆಯೇ ಎನ್ನುತ್ತಿದ್ದೆ.

ಸೋಮವಾರ ರಾತ್ರಿ ಅಮ್ಮನ ಪಕ್ಕ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದ ಹೆಂಗಸು ಒಂದು ಹಸಿ ಅಡಿಕೆಯನ್ನು ಸೀಳಿ ಬಾಯಿಗೆ ಹಾಕಿಕೊಂಡರು. ಅಮ್ಮ ಗಾಬರಿಯಾಗಿ ಅವರ ಕೈ ಹಿಡಿದರು. ಹಸಿ ಅಡಿಕೆ ಸೊಕ್ಕುತ್ತದೆ, ತಲೆ ತಿರುಗಿ ಬೀಳುತ್ತಾರೆ ಎಂಬ ಹೆದರಿಕೆ. ಆಕೆ ನಕ್ಕು, ಅಂಗೈಯಲ್ಲಿದ್ದ ಉಳಿದರ್ಧವನ್ನು ತೋರಿಸಿ 'ತಾಮೂಲ್' ಎಂದರು. 'ತಾಂಬೂಲವಾ?' ಎಂದು ಅಮ್ಮ ಕೇಳಿದರು. ಹತ್ತು ದಿನ ಒಂದೇ ರಾಶಿಯ ಎದುರು ಕುಳಿತಿದ್ದರೂ ಅವರಿಬ್ಬರ ನಡುವೆ ಓಡಾಡಿದ ಮೊದಲ ಮಾತು ಅದು. ಅವರ ಭಾಷೆಯಲ್ಲಿ ಅಡಿಕೆಗೇ ತಾಮೂಲ್ ಎನ್ನುತ್ತಾರಂತೆ. ಮನೆಗೆ ಬಂದವರಿಗೆ ಮೊದಲು ಕೊಡುವುದು ತಾಮೂಲ್ ಮತ್ತು ಪಾನ್. ನಮ್ಮಲ್ಲಿಯೂ ಎಲೆಯಡಿಕೆಯ ತಟ್ಟೆ ಮುಂದಿಡದೆ ಮಾತು ಶುರುವಾಗುವುದಿಲ್ಲವಲ್ಲ.

ಅಷ್ಟರಲ್ಲಿ ಚಿಕ್ಕಮ್ಮ, ಭೂಮಿ ಹುಣ್ಣಿಮೆಗೆ ಗದ್ದೆಗೆ ಊಟ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದುದನ್ನು ನೋಡಿ ಅದೇನೆಂದು ಆಕೆ ಕೇಳಿದರು. ಗದ್ದೆ ಈಗ ಬಸುರಿ, ಅವಳಿಗೆ ಬಯಕೆ ಊಟ ಒಯ್ಯುತ್ತೇವೆ ಎಂದು ನನ್ನ ಅರೆಬರೆ ಹಿಂದಿಯಲ್ಲಿ ಹೇಳಿದೆ. ತಮ್ಮೂರಿನಲ್ಲಿಯೂ ಇದೇ ಸಮಯಕ್ಕೆ ಗದ್ದೆಯಲ್ಲಿ ದೀಪ ಇಡುತ್ತೇವೆ ಎಂದರು.

ಅಂದಿನಿಂದ ಅಮ್ಮನಿಗೆ ಆಕೆಯನ್ನು ಹುಣ್ಣಿಮೆಯ ನಸುಕಿನಲ್ಲಿ ಗದ್ದೆಗೆ ಕರೆದುಕೊಂಡು ಹೋಗುವ ಆಸೆ. ಚಿಕ್ಕಪ್ಪ ಬೇಡವೇ ಬೇಡ ಎನ್ನುತ್ತಾರೆ: 'ಅವರು ಯಾರೋ, ಏನೋ.' ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ವರದಾ ಹೊಳೆ
ಕರೆಯಿರಿ. ಬಯಕೆ ಊಟ ಬಡಿಸುವಾಗ ಮನೆಯಲ್ಲಿ ಇರುವವರನ್ನು ಹೊರಗೆ ನಿಲ್ಲಿಸುವ ಪದ್ಧತಿ ನಮ್ಮ ಕಡೆ ಎಲ್ಲಿದೆ?

ಹಳೆಯ ಜಗಲಿ
ನಾನು ನಿಮ್ಮ ಚಿಕ್ಕಪ್ಪನ ಪರ, ಆದರೆ ಕಾರಣ ಬೇರೆ. ಭೂಮಿ ಹುಣ್ಣಿಮೆ ಜಾತ್ರೆಯಲ್ಲ. ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲು ಅವರವರು ಅವರವರ ಗದ್ದೆಗೆ ಹೋಗುವ ಹಬ್ಬ. ಪಕ್ಕದ ಮನೆಯವರೂ ನಮ್ಮ ಗದ್ದೆಗೆ ಬರುವುದಿಲ್ಲ, ನಾವೂ ಅವರ ಗದ್ದೆಗೆ ಹೋಗುವುದಿಲ್ಲ. ಸಾಗರದ ಮಾರಿಕಾಂಬೆಯ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಆಗ ಯಾರು ಬಂದರೂ ನೆಂಟರೇ, ನಾಡಿಗೆ ನಾಡೇ ಉಣ್ಣುತ್ತದೆ. ಆದರೆ ಒಂದು ಕುಟುಂಬ ತನ್ನ ನೆಲದ ಜೊತೆ ಒಬ್ಬಂಟಿಯಾಗಿ ಕಳೆಯುವ ಒಂದು ಗಳಿಗೆ ಇದ್ದರೆ ಅದನ್ನು ಸಣ್ಣತನ ಎನ್ನಬೇಡಿ. ಊಟಕ್ಕೆ ಕರೆಯಿರಿ, ಹೊಟ್ಟೆ ತುಂಬ ಬಡಿಸಿರಿ. ಗದ್ದೆ ನಿಮ್ಮದಾಗಿಯೇ ಇರಲಿ.

ಕೆಂಪುಮಣ್ಣು
ಇದು ಯೋಚಿಸಬೇಕಾದ ಮಾತು. ಚಿಕ್ಕಪ್ಪ ಹೀಗೆ ಹೇಳಿದ್ದರೆ ಅಮ್ಮನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಹಿನ್ನೀರಿನ ಮೊಮ್ಮಗ
'ಅವರು ಯಾರೋ, ಏನೋ' ಎಂಬ ಮಾತನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮ ಅಜ್ಜನ ಮನೆ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ತೋಟ, ಗದ್ದೆ, ದೇವಸ್ಥಾನ ಎಲ್ಲ ನೀರಿನ ಪಾಲು. ಲಾರಿಯಲ್ಲಿ ಪಾತ್ರೆ, ದನಕರು, ಬಾಗಿಲ ಚೌಕಟ್ಟು ಸಮೇತ ತಂದು ಶಿವಮೊಗ್ಗದ ಕಡೆಯ ಕಾಡಿನಲ್ಲಿ ಇಳಿಸಿದರು. ಇಡೀ ನಾಡಿಗೆ ದೀಪ ಬೆಳಗಿಸಲು ಮನೆ ಬಿಟ್ಟು ಬಂದವರಿಗೆ ಹೊಸ ಊರಿನವರು ಇಟ್ಟ ಹೆಸರು 'ಮುಳುಗಡೆಯವರು'. ಅಜ್ಜಿಗೆ ಹೆಸರಿತ್ತು, ಊರಿತ್ತು, ಅವಳು ಬರೆಯುತ್ತಿದ್ದ ಹಸೆ ಚಿತ್ತಾರವನ್ನು ನೋಡಲು ಹಳೆಯ ಊರಿನಲ್ಲಿ ಜನ ಬರುತ್ತಿದ್ದರು. ಇಲ್ಲಿ ನಲವತ್ತು ವರ್ಷ ಬದುಕಿದರೂ ಅವಳು 'ಮುಳುಗಡೆ ಅಜ್ಜಿ'. ಬೈಗುಳವೇನೂ ಅಲ್ಲ, ಯಾರೂ ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಆದರೂ ಸಾಯುವ ವರ್ಷದಲ್ಲಿ ಅಜ್ಜಿ ನನ್ನ ಹತ್ತಿರ, ತನ್ನ ಹೆಸರನ್ನು ಈ ಊರಿನಲ್ಲಿ ಯಾರೂ ಕೇಳಲೇ ಇಲ್ಲ ಎಂದು ಹೇಳಿದಳು.

ಆ ಹೆಂಗಸಿನ ಹೆಸರು ಕೇಳಿದ್ದೀರಾ?

ಕೆಂಪುಮಣ್ಣು
ಕೇಳಿರಲಿಲ್ಲ. ಈಗ ಎದ್ದು ಹೋಗಿ ಕೇಳಿ ಬಂದೆ. ಏಳೂ ಜನರ ಹೆಸರು ಕೇಳಿದೆ.

ಕೊಪ್ಪದ ತೋಟಿಗ
ಒರಟಾಗಿ ಕಂಡರೂ ಪರವಾಗಿಲ್ಲ, ಹೇಳುತ್ತೇನೆ. ಹಬ್ಬಕ್ಕೆ ಕರೆಯುವ ಮೊದಲು ಆ ಗೋದಾಮನ್ನು ನೋಡಿ. ಸೋರುತ್ತದೆಯೇ? ಹೆಂಗಸರಿಗೆ ಬಾಗಿಲಿರುವ ಬಚ್ಚಲು ಇದೆಯೇ? ನಮ್ಮ ಕಾಫಿ ಸೀಮೆಯಲ್ಲಿ ಅಸ್ಸಾಂ ಕಡೆಯ ಕಾರ್ಮಿಕರು ಬರಲು ತೊಡಗಿ ಹಲವು ವರ್ಷಗಳಾದವು. ಹಬ್ಬದ ದಿನ ಹೊಸ ಬಟ್ಟೆ ಕೊಟ್ಟು ಫೋಟೊ ತೆಗೆಸಿಕೊಂಡು, ಮಾರನೆಯ ದಿನ ತೂಕದಲ್ಲಿ ಮೋಸ ಮಾಡಿದ ಮನೆಗಳನ್ನು ನಾನು ನೋಡಿದ್ದೇನೆ. ಲೆಕ್ಕದ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರು ಬರೆದು, ಎಷ್ಟು ಸುಲಿದರು ಎಂದು ಅವರ ಎದುರಿಗೇ ಬರೆಯಿರಿ. ಗುತ್ತಿಗೆದಾರನ ಕೈಗೆ ಒಟ್ಟು ಹಣ ಕೊಟ್ಟು ಕೈ ತೊಳೆದುಕೊಳ್ಳಬೇಡಿ.

ವರದಾ ಹೊಳೆ
ತೋಟಿಗರೇ, ಎರಡನ್ನೂ ಒಟ್ಟಿಗೆ ಮಾಡಬಹುದಲ್ಲ. ಬಚ್ಚಲು ಕಟ್ಟುವವರೆಗೆ ಹುಣ್ಣಿಮೆ ಕಾಯುತ್ತದೆಯೇ?

ಕೊಪ್ಪದ ತೋಟಿಗ
ಕಾಯುವುದಿಲ್ಲ. ತಗಡಿನ ಬಾಗಿಲು ಕೂರಿಸಲು ಒಂದು ಮಧ್ಯಾಹ್ನ ಸಾಕು.

ಬಿದನೂರು ಕೋಟೆ
ಈ ಪ್ರಶ್ನೆ ಮಲೆನಾಡಿನಲ್ಲಿ ಏಳಲೇಬಾರದಿತ್ತು. ನಮ್ಮ ನೆಲದ ಗುಣವೇ ಬೇರೆ. ಹಣಗೆರೆಕಟ್ಟೆಗೆ ಹೋಗಿ ನೋಡಿ: ಭೂತರಾಯ, ಚೌಡೇಶ್ವರಿ ಮತ್ತು ಸಯ್ಯದ್ ಸಾದತ್ ದರ್ಗಾ ಒಂದೇ ಸೂರಿನ ಕೆಳಗಿವೆ. ಒಬ್ಬರು ಹಣ್ಣುಕಾಯಿ ಹಿಡಿದು ಬರುತ್ತಾರೆ, ಇನ್ನೊಬ್ಬರು ಸಕ್ಕರೆ ಓದಿಸಿಕೊಂಡು ಹೋಗುತ್ತಾರೆ, ಬಹಳ ಜನ ಎರಡನ್ನೂ ಮಾಡುತ್ತಾರೆ. ಹೊಂಬುಜದ ಪದ್ಮಾವತಿಗೆ ಹರಕೆ ಹೊರುವವರೆಲ್ಲ ಜೈನರೇ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಏನು ಹೇಳುತ್ತದೆ ಗೊತ್ತೇ? ಅಲ್ಲಿ ವೇದ, ವ್ಯಾಕರಣಗಳ ಜೊತೆಗೆ ನ್ಯಾಯ, ಸಾಂಖ್ಯ, ಬೌದ್ಧ ದರ್ಶನಗಳನ್ನೂ ವ್ಯಾಖ್ಯಾನಿಸುತ್ತಿದ್ದರು. ಶೈವರ ಮಠವಾದರೂ ಜೈನ ಸನ್ಯಾಸಿಗಳಾದ ಕ್ಷಪಣಕರಿಗೆ ಅಲ್ಲಿ ಅನ್ನವಿತ್ತು. ಕುರುಡರು, ಕಿವುಡರು, ದಿಕ್ಕಿಲ್ಲದವರು ಉಣ್ಣುತ್ತಿದ್ದರು, ಅನಾಥ ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿತ್ತು. ಎಂಟುನೂರು ವರ್ಷಗಳಿಗೂ ಹಿಂದೆ! ಅಂಥ ನೆಲದಲ್ಲಿ ಏಳು ಜನರಿಗೆ ಗದ್ದೆಯ ಬದುವಿನ ಮೇಲೆ ಜಾಗವಿಲ್ಲವೇ?

ಕೊಳಗ
ಕೋಟೆಯವರೇ, ಶಾಸನ ಓದಿದ್ದೀರಿ, ಸಂತೋಷ. ಜಗಲಿಯನ್ನು ಓದಿದ್ದೀರಾ?

ನಮ್ಮ ಅಪ್ಪನ ಕಾಲದವರೆಗೂ ಒಡೆಯರ ಮನೆಗೆ ಹೋದ ಗೇಣಿದಾರ ಯಾವ ಮೆಟ್ಟಿಲಿನವರೆಗೆ ಹತ್ತಬಹುದು ಎಂಬುದು ಜಾತಿಯ ಮೇಲೆ ನಿಂತಿತ್ತು. ಅಂಗಳದಲ್ಲಿ ನಿಲ್ಲುವವರು, ಜಗಲಿಯಲ್ಲಿ ಕೂರುವವರು, ನಡುಮನೆಗೆ ಬರುವವರು ಬೇರೆ ಬೇರೆ. ನೂರು ಬಗೆಯ ಜನ ಒಟ್ಟಿಗಿದ್ದರು, ನಿಜ. ಆದರೆ ಅವರು ನಿಲ್ಲುವ ಜಾಗ ಮೊದಲೇ ಗೊತ್ತಾಗಿತ್ತು. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕೆ? ಗೇಣಿ ಅಳೆದುಕೊಳ್ಳುವಾಗ ಒಡೆಯರು ತರುತ್ತಿದ್ದ ದೊಡ್ಡ ಕೊಳಗಕ್ಕೆ. ಹಬ್ಬದ ದಿನ ಆ ಒಡೆಯರ ಮನೆಯಲ್ಲೂ ಎಲ್ಲರಿಗೂ ಊಟ ಹಾಕುತ್ತಿದ್ದರು! ಊಟ ಹಾಕುವುದನ್ನೇ ಸೌಹಾರ್ದ ಎಂದರೆ ಕಾಗೋಡಿನವರು ಜೈಲಿಗೆ ಹೋಗಬೇಕಾಗಿರಲಿಲ್ಲ.

ಕೆಂಪುಮಣ್ಣು ಅವರೇ, ಭೂಮಣ್ಣಿ ಬುಟ್ಟಿ, ಚಿತ್ತಾರ ಎಂದಿರಿ. ಕಾಗೋಡಿನ ಗೇಣಿದಾರರಂತೆ ನೀವೂ ದೀವರ ಮನೆಯವರು ಎಂದುಕೊಳ್ಳುತ್ತೇನೆ. ನಿಮ್ಮ ಅಜ್ಜ ಯಾರ ಅಂಗಳದಲ್ಲಿ ನಿಂತಿದ್ದರು ಎಂದು ಚಿಕ್ಕಪ್ಪನಿಗೆ ನೆನಪಿಸಿ.

ಬಿದನೂರು ಕೋಟೆ
ಜಗಲಿಯ ಮಾತನ್ನು ಒಪ್ಪುತ್ತೇನೆ. ನಮ್ಮ ಮನೆಯ ಜಗಲಿಗೂ ಮೂರು ಮೆಟ್ಟಿಲಿತ್ತು. ಆದರೆ ಹಣಗೆರೆಯನ್ನೂ ಬಳ್ಳಿಗಾವಿಯನ್ನೂ ನೀವು ತೂರಿಬಿಡಬೇಡಿ. ಹಾಗೆ ಬದುಕಿದವರು ಇದ್ದರು ಎಂದು ಗೊತ್ತಿದ್ದರೆ ತಾನೇ ಇಂದು ಒಬ್ಬರನ್ನು ಕೇಳಲು ಬಾಯಿ ಬರುವುದು?

ಕಾಂಚಳಿ ಕನ್ನಡಿ
ಲಂಬಾಣಿ ತಾಂಡಾದ ಮಗಳಾಗಿ ಒಂದು ಮಾತು. ಕರೆಯುವವರ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಕರೆಸಿಕೊಂಡವರಿಗೆ ಹೇಗಿರುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ.

ನಾನು ಓದಿದ ಶಾಲೆಯಲ್ಲಿ ಪ್ರತಿ ವಾರ್ಷಿಕೋತ್ಸವಕ್ಕೂ ನಮ್ಮ ತಾಂಡಾದ ಹುಡುಗಿಯರಿಗೆ ಕರೆ ಬರುತ್ತಿತ್ತು: ಫೇಟಿಯಾ, ಕಾಂಚಳಿ ತೊಟ್ಟು ಬನ್ನಿ, ಕುಣಿಯಿರಿ. ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದರು, ಕನ್ನಡಿ ಕಸೂತಿಯನ್ನು ಮುಟ್ಟಿ ನೋಡುತ್ತಿದ್ದರು. ಮಾರನೆಯ ದಿನ ನಾವಿಬ್ಬರು ಗೆಳತಿಯರು ನಮ್ಮ ಮನೆಮಾತಾದ ಗೋರ್ ಬೋಲಿಯಲ್ಲಿ ಮಾತನಾಡಿಕೊಂಡರೆ ಅದೇ ಶಿಕ್ಷಕರು 'ಅದೇನು ಕಾಗೆ ಭಾಷೆ' ಎಂದು ಗದರಿಸುತ್ತಿದ್ದರು. ನನ್ನ ಲಂಗ ಅವರಿಗೆ ಬೇಕಿತ್ತು, ನನ್ನ ಮಾತು ಬೇಡವಾಗಿತ್ತು. ಆ ವರ್ಷದಿಂದ ನಾನು ಕುಣಿಯಲಿಲ್ಲ. ಅಮ್ಮ ಹೊಲಿದ ಕಾಂಚಳಿ ಇಂದಿಗೂ ಪೆಟ್ಟಿಗೆಯಲ್ಲಿದೆ, ನನ್ನ ಮಗಳಿಗೆ ಮನೆಯಲ್ಲಿ ತೊಡಿಸುತ್ತೇನೆ.

ಆದ್ದರಿಂದ ಆ ಹೆಂಗಸನ್ನು ಬುಟ್ಟಿಯ ಪಕ್ಕ ನಿಲ್ಲಿಸಿ ಫೋಟೊ ತೆಗೆಯಬೇಡಿ. ಬರಲು ಇಷ್ಟವೇ ಎಂದು ಮೊದಲು ಕೇಳಿ, ಬೇಡ ಎನ್ನಲೂ ಅವಕಾಶವಿರಲಿ. ಕೂಲಿ ಕೊಡುವ ಮನೆಯವರು ಕರೆದರೆ ಇಲ್ಲ ಎನ್ನುವುದು ಸುಲಭವಲ್ಲ.

ಕೆಂಪುಮಣ್ಣು
ಇದು ನಮಗೆ ಹೊಳೆದೇ ಇರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ. ಕೇಳುತ್ತಾ ಕೆಲಸ ನಿಲ್ಲಿಸಿ ಕುಳಿತರು.

ತುಂಗೆಯ ಮೆಟ್ಟಿಲು
ಕನ್ನಡಿ ಅವರೇ, ಸಂತ ಸೇವಾಲಾಲರ ಸೂರಗೊಂಡನಕೊಪ್ಪ ನಮ್ಮ ಜಿಲ್ಲೆಯದೇ ಅಲ್ಲವೇ? ಫೆಬ್ರವರಿ ಜಾತ್ರೆಗೆ ಒಮ್ಮೆ ಹೋಗಿದ್ದೆ, ಮಹಾರಾಷ್ಟ್ರದಿಂದಲೂ ಜನ ಬಂದಿದ್ದರು.

ಕಾಂಚಳಿ ಕನ್ನಡಿ
ಮೊದಲು ನಮ್ಮ ಜಿಲ್ಲೆಯೇ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ ಆ ಕಡೆಗೆ ಹೋಯಿತು. ಈಗ ನ್ಯಾಮತಿ ತಾಲ್ಲೂಕು.

ಕನ್ನಡ ಕಾವಲು
ಎಲ್ಲ ಸರಿ. ಅವರು ಕನ್ನಡ ಕಲಿಯಬೇಕು ಎಂದು ಒಬ್ಬರೂ ಹೇಳಲಿಲ್ಲವಲ್ಲ? ನಾವು ಅರೆಬರೆ ಹಿಂದಿಯಲ್ಲಿ ತಡವರಿಸುತ್ತೇವೆ, ಅದನ್ನೇ ಉದಾರತೆ ಎಂದುಕೊಳ್ಳುತ್ತೇವೆ. ಹೀಗೇ ಆದರೆ ಮುಂದಿನ ಹತ್ತು ವರ್ಷಗಳಲ್ಲಿ ಅಡಿಕೆ ಅಂಗಳದ ಭಾಷೆ ಹಿಂದಿಯಾಗುತ್ತದೆ. ಈ ಭಯ ನಿಜವಾದದ್ದು, ನಗಬೇಡಿ.

ಭದ್ರೆಯ ಬೆಂಕಿ
ನಗುವುದಿಲ್ಲ. ಆದರೆ ನಮ್ಮ ಭದ್ರಾವತಿಯನ್ನು ನೋಡಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು, ಆಮೇಲೆ ಕಾಗದದ ಕಾರ್ಖಾನೆ ಬಂತು. ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತನಾಡುವವರು ಒಂದೇ ಕುಲುಮೆಯ ಮುಂದೆ ಬೆವರಿದರು. ನಮ್ಮ ಮುತ್ತಾತ ಸೇಲಂ ಕಡೆಯಿಂದ ಬಂದವರು. ಮನೆಯೊಳಗೆ ಇಂದಿಗೂ ತಮಿಳು. ಆದರೆ ನಾನು ಬರೆಯುವುದು, ಎಣಿಸುವುದು, ಜಗಳವಾಡುವುದು ಕನ್ನಡದಲ್ಲಿ. ಮುತ್ತಾತನಿಗೆ ಕನ್ನಡ ಕಲಿಸಿದ್ದು ಯಾವ ಆಜ್ಞೆಯೂ ಅಲ್ಲ, ಪಾಳಿ ಮುಗಿದ ಮೇಲೆ ಜೊತೆಗೆ ಚಹಾ ಕುಡಿಯುತ್ತಿದ್ದ ಗೆಳೆಯರು. ಅಂಗಳದಲ್ಲಿ ಏಳು ಜನರ ಹತ್ತಿರ ಯಾರೂ ಮಾತೇ ಆಡದಿದ್ದರೆ ಕನ್ನಡ ಅವರ ಕಿವಿಗೆ ಬೀಳುವುದು ಹೇಗೆ?

ಕನ್ನಡ ಕಾವಲು
ಮಾತನಾಡಿದರೆ ಕಲಿಯುತ್ತಾರೆ ಎನ್ನುವುದಾದರೆ ಒಪ್ಪಿದೆ. ಹಾಗಿದ್ದರೆ ಹಿಂದಿಯನ್ನು ಬಿಟ್ಟು ಕನ್ನಡದಲ್ಲಿಯೇ ಮಾತನಾಡಿ. 'ತಾಮೂಲ್' ಅರ್ಥವಾದದ್ದು ಹಿಂದಿಯಿಂದಲ್ಲವಲ್ಲ.

ಗಮಕ ಪ್ರಿಯ
ಮತ್ತೂರಿನಲ್ಲಿ ಇಡೀ ಊರೇ ಸಂಸ್ಕೃತದಲ್ಲಿ ಮಾತನಾಡುತ್ತದೆ. ಶಿವಮೊಗ್ಗದ ಪಕ್ಕದಲ್ಲೇ ಅಂಥ ಅಚ್ಚರಿ ಇರುವಾಗ ಭಾಷೆಯ ಭಯವೇಕೆ?

ಹೊಸಹಳ್ಳಿ ದಾರಿ
ಆ ಊರಿನ ಬಗ್ಗೆ ಇದೊಂದೇ ಮಾತು ಎಲ್ಲೆಡೆ ಓಡಾಡುತ್ತದೆ. ಸಂಸ್ಕೃತ ಬಲ್ಲವರು, ಮಾತನಾಡುವವರು ಬಹಳ ಜನ ಇದ್ದಾರೆ, ನಿಜ. ಆದರೆ ಅಲ್ಲಿನ ಸಂಕೇತಿ ಸಮುದಾಯದವರ ಮನೆಮಾತು ಸಂಕೇತಿ. ತಮಿಳು ಸೀಮೆಯಿಂದ ಶತಮಾನಗಳ ಹಿಂದೆ ಬಂದವರು ತಂದ ಮಾತಿಗೆ ಕನ್ನಡ ಬೆರೆತು ಆದ ಭಾಷೆ ಅದು, ಅಜ್ಜಿ ಮೊಮ್ಮಗುವನ್ನು ಮುದ್ದಿಸುವ ಭಾಷೆ. ನೋಡಲು ಬಂದವರು ಸಂಸ್ಕೃತದಲ್ಲಿ ಎರಡು ವಾಕ್ಯ ಹೇಳಿಸಿಕೊಂಡು ಹೋಗುತ್ತಾರೆ. ಸಂಕೇತಿಯ ಬಗ್ಗೆ ಕೇಳುವವರು ಕಡಿಮೆ.

ತುಂಗೆಯ ಮೆಟ್ಟಿಲು
ಮೊದಲಿನ ವಿಷಯಕ್ಕೆ ಬರೋಣ. ತೀರ್ಥಹಳ್ಳಿ ಕಡೆ ನಮ್ಮದು ಸಣ್ಣ ಅಡಿಕೆ ವ್ಯಾಪಾರ, ಮನೆಯಲ್ಲಿ ಉರ್ದು. ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಮನೆ ಮನೆಗೆ ಬರುತ್ತಾರಲ್ಲ, ನಾನು ಚಿಕ್ಕವನಿದ್ದಾಗ ಅವರು ನಮ್ಮ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದರು. ದ್ವೇಷದಿಂದಲ್ಲ, ನಮಗೆ ಬೇಕೋ ಬೇಡವೋ ಎಂಬ ಸಂಕೋಚ. ನಮ್ಮ ಅಬ್ಬನಿಗೂ ಕರೆಯಲು ಸಂಕೋಚ. ಒಂದು ವರ್ಷ ಜೋರು ಗಾಳಿಗೆ ಅವರ ದೀಪ ನಮ್ಮ ಅಂಗಡಿಯ ಎದುರೇ ಆರುವಂತಾಯಿತು. ಆ ದೀಪ ಆರಬಾರದು. ಅಬ್ಬ ಓಡಿ ಹೋಗಿ ಅಂಗಡಿಯ ಎಣ್ಣೆ ಡಬ್ಬಿ ತಂದು ಸುರಿದರು, ಕೈ ಅಡ್ಡ ಹಿಡಿದರು. ಅಂದಿನಿಂದ ಪ್ರತಿವರ್ಷ ಬರುತ್ತಾರೆ, ನಾವು ಎಣ್ಣೆ ಇಟ್ಟುಕೊಂಡು ಕಾಯುತ್ತೇವೆ. ಎರಡೂ ಕಡೆಯವರು ಎಷ್ಟೋ ವರ್ಷ ಸುಮ್ಮನೆ ಸಂಕೋಚದಲ್ಲಿ ಕಳೆದಿದ್ದೆವು.

ವರದಾ ಹೊಳೆ
ಓದಿ ಮೈ ಜುಮ್ಮೆಂದಿತು.

ಕಳಲೆ ಪ್ರೇಮಿ
ಅಸ್ಸಾಂನವರು ಕಳಲೆಯನ್ನು, ಅಂದರೆ ಎಳೆ ಬಿದಿರನ್ನು, ತುರಿದು ಹುಳಿ ಬರಿಸಿ ಇಡುತ್ತಾರೆ, ಅದಕ್ಕೆ ಖೊರಿಸಾ ಎನ್ನುತ್ತಾರೆ, ಮೀನಿನ ಸಾರಿಗೆ ಹಾಕುತ್ತಾರೆ. ನಾವು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಮೂರು ದಿನ ನೆನೆಸುತ್ತೇವೆ. ಉಪ್ಪುನೀರಿನಲ್ಲಿಟ್ಟ ಕಳಲೆ ಮನೆಯಲ್ಲಿದ್ದರೆ ಅವರಿಗೊಂದು ಬಟ್ಟಲು ಕೊಟ್ಟು ನೋಡಿ.

ಹಳೆಯ ಜಗಲಿ
ಹುಣ್ಣಿಮೆ ಕಳೆಯಿತು. ಏನಾಯಿತು, ಹೇಳಿ.

ಕೆಂಪುಮಣ್ಣು
ಬರೆಯಲು ತಡವಾಯಿತು. ಮೊದಲು ತಿಳಿದ ಸಂಗತಿ: 'ಹಿಂದಿಯವರು' ಎಂಬ ಒಂದೇ ಮಾತಿನಲ್ಲಿ ಕರೆಯುತ್ತಿದ್ದ ಏಳು ಜನರಲ್ಲಿ ಒಬ್ಬರಿಗೂ ಹಿಂದಿ ಮನೆಮಾತಲ್ಲ. ಆ ಹೆಂಗಸು ಮತ್ತು ಅವರ ಗಂಡ ಅಸ್ಸಾಮಿ ಮಾತನಾಡುವವರು. ಮೂವರು ಬ್ರಹ್ಮಪುತ್ರದ ನಡುಗಡ್ಡೆಯ ಮುಸ್ಲಿಮರು, ಮನೆಯಲ್ಲಿ ಬಂಗಾಳಿ. ನದಿ ಅವರ ನೆಲವನ್ನು ಕೊರೆದು ಒಯ್ದಿದೆ. ಇಬ್ಬರು ಚಹಾ ತೋಟದವರು, ಬ್ರಿಟಿಷರ ಕಾಲದಲ್ಲಿ ಛೋಟಾ ನಾಗಪುರದಿಂದ ಕರೆತಂದವರ ಮೊಮ್ಮಕ್ಕಳು, ಅವರ ಮಾತು ಸಾದ್ರಿ. ನದಿಗೆ ಮನೆ ಹೋದದ್ದನ್ನು ಹೇಳುವಾಗ ನನಗೆ 'ಹಿನ್ನೀರಿನ ಮೊಮ್ಮಗ' ನೆನಪಾದರು.

ಕನ್ನಡಿ ಅವರು ಹೇಳಿದಂತೆ ಅಮ್ಮ ಆಕೆಯನ್ನೇ ಕೇಳಿದರು. ನಸುಕಿನಲ್ಲಿ ಗದ್ದೆಗೆ ಬರುವುದಿಲ್ಲ, ಅದು ನಿಮ್ಮ ಮನೆಯವರ ಕೆಲಸ ಎಂದು ಆಕೆಯೇ ಹೇಳಿದರು. ಜಗಲಿಯವರೇ, ನೀವು ಹೇಳಿದ್ದನ್ನೇ! ಆದರೆ ಅಡುಗೆಗೆ ಬರುತ್ತೇನೆ ಎಂದರು.

ಹಿಂದಿನ ದಿನ ಬೆರಕೆ ಸೊಪ್ಪು ಕೊಯ್ಯಲು ಅಮ್ಮನ ಜೊತೆ ಹೋದರು. ಭೂಮಿ ಹುಣ್ಣಿಮೆಗೆ ನೂರೊಂದು ಬಗೆಯ ಸೊಪ್ಪು, ಕುಡಿ ಹಾಕಬೇಕು ಎನ್ನುತ್ತಾರಲ್ಲ, ಅದನ್ನು ಹೇಳಿದಾಗ ಆಕೆ ಬುಟ್ಟಿ ಕೆಳಗಿಟ್ಟು ನಿಂತುಬಿಟ್ಟರು. ಏಪ್ರಿಲ್‌ನಲ್ಲಿ ಬರುವ ಅವರ ಬಿಹು ಹಬ್ಬಕ್ಕೆ ನೂರೊಂದು ಸೊಪ್ಪಿನ ಪಲ್ಯವೇ ಆಗಬೇಕಂತೆ. ನೂರಲ್ಲ, ನೂರೊಂದೇ. ಆಮೇಲೆ ಇಬ್ಬರನ್ನೂ ಹಿಡಿಯುವವರಿಲ್ಲ. ಅಮ್ಮ ಒಂದೆಲಗ ತೋರಿಸಿದರೆ ಆಕೆ 'ಮಣಿಮುನಿ'. ಕೆಸುವು ತೋರಿಸಿದರೆ 'ಕೊಸು'. ಕಾಲುವೆಯ ಅಂಚಿನಲ್ಲಿ ಸುರುಳಿ ಬಿಟ್ಟಿದ್ದ ಜರಿ ಗಿಡದ ಕುಡಿಯನ್ನು ಆಕೆ ಚಿವುಟಿದಾಗ ಅಮ್ಮ ತಡೆದರು. ನಮ್ಮ ಮನೆಯಲ್ಲಿ ಅದನ್ನು ಎಂದೂ ತಿಂದದ್ದಿಲ್ಲ. ಅವರಿಗೆ ಅದು 'ಢೆಕಿಯಾ', ಬಹಳ ಪ್ರೀತಿಯ ಸೊಪ್ಪು.

ರಾತ್ರಿಯಿಡೀ ಅಡುಗೆ. ಆಕೆ ಸೊಪ್ಪು ಹೆಚ್ಚಿದರು, ಕೊಟ್ಟೆ ಕಡುಬಿಗೆ ಎಲೆ ಮಡಚಿದರು. ಬೆಳಗಿನ ಜಾವ ನಾವು ಬುಟ್ಟಿ ಹೊತ್ತು ಹೊರಟಾಗ ಅಂಗಳದವರೆಗೆ ಬಂದು ನಿಂತರು. ಗದ್ದೆಯಿಂದ ಬಂದ ಮೇಲೆ ಏಳೂ ಜನ ನಡುಮನೆಯಲ್ಲಿ ನಮ್ಮ ಜೊತೆಯೇ ಬಾಳೆಲೆ ಹಾಕಿ ಉಂಡರು. ಕೊಳಗ ಅವರೇ, ಅಂಗಳದಲ್ಲಿ ಅಲ್ಲ.

ಕೆಲವು ದಿನ ಕಳೆದು ಅವರ ಕಾತಿ ಬಿಹು. ಅಂದು ಊಟದ ಸಡಗರವಿಲ್ಲ. ಕಣಜ ಬರಿದಾಗಿರುವ ಕಾಲ, ಅದಕ್ಕೇ ಅದನ್ನು ಬಡ ಬಿಹು ಎನ್ನುತ್ತಾರೆ. ತುಳಸಿಯ ಮುಂದೆ, ಗದ್ದೆಯಲ್ಲಿ ದೀಪ ಇಡುವುದು ಅಷ್ಟೇ. ಆಕೆ ನಮ್ಮ ಗದ್ದೆಯ ಬದುವಿನ ಮೇಲೆ ಇಡಲೇ ಎಂದು ಕೇಳಿದರು. ಚಿತ್ತೆ ಮಳೆಯ ತುಂತುರು, ಎರಡು ಬಾರಿ ದೀಪ ಆರಿತು. ಅಮ್ಮ ಒಂದು ಗೆರಟೆ ಅಡ್ಡ ಇಟ್ಟರು. ಹೊಡೆ ತುಂಬಿದ ಭತ್ತದ ಪಕ್ಕ ಆ ಬೆಳಕು ಬಹಳ ಹೊತ್ತು ಇತ್ತು.

ಚಿಕ್ಕಪ್ಪ ಇನ್ನೂ ಮುನಿಸಿಕೊಂಡೇ ಇದ್ದಾರೆ. ನಡುಮನೆಯ ಊಟಕ್ಕೆ ಬರಲಿಲ್ಲ. ಬಚ್ಚಲಿಗೆ ಬಾಗಿಲು ಕೂರಿಸಿದ್ದು ಮಾತ್ರ ಅವರೇ. ಲೆಕ್ಕದ ಪುಸ್ತಕದಲ್ಲಿ 'ಹಿಂದಿಯವರು 7' ಎಂದಿದ್ದ ಸಾಲನ್ನು ಹೊಡೆದು ಏಳು ಹೆಸರು ಬರೆದಿದ್ದೇನೆ. ಆ 'ಏನೋ' ಎಂಬುದಕ್ಕೆ ಸದ್ಯಕ್ಕೆ ನನ್ನ ಉತ್ತರ ಅದು.

ಹಿನ್ನೀರಿನ ಮೊಮ್ಮಗ
ಓದಿದೆ. ನನ್ನ ಅಜ್ಜಿಗೂ ಓದಿ ಹೇಳಬೇಕಿತ್ತು ಎನಿಸಿತು.

ಕಳಲೆ ಪ್ರೇಮಿ
ಆ ಜರಿ ಕುಡಿಯನ್ನು ಕೊಡಗಿನಲ್ಲಿ ತೆರ್ಮೆ ತೊಪ್ಪು ಎಂದು ಪಲ್ಯ ಮಾಡುತ್ತಾರೆ. ಎಲ್ಲ ಜರಿಯೂ ತಿನ್ನುವಂಥದ್ದಲ್ಲ, ಗುರುತು ಬಲ್ಲವರೇ ಕೊಯ್ಯಬೇಕು. ಸೊಪ್ಪಿನ ಹೆಸರುಗಳನ್ನು ಎರಡೂ ಭಾಷೆಯಲ್ಲಿ ಬರೆದಿಡಿ, ಬೇಡಿಕೊಳ್ಳುತ್ತೇನೆ.

ಕೆಂಪುಮಣ್ಣು
ಬರೆಯುತ್ತಿದ್ದೇನೆ, ಹದಿನೇಳು ಆಗಿವೆ. ಒಂದಕ್ಕೆ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಹೆಸರು ಗೊತ್ತಿಲ್ಲ. ನೆಲಕ್ಕೆ ಹಬ್ಬುತ್ತದೆ, ಮೂರು ಮೂರು ಪುಟ್ಟ ಎಲೆ, ಹಳದಿ ಹೂವು, ಬಾಯಿಗೆ ಹಾಕಿದರೆ ಹುಳಿ. ಆಕೆ 'ತೆಂಗೇಸಿ' ಎಂದರು.

ಹೊಸಹಳ್ಳಿ ದಾರಿ
ಪುಳ್ಳಂಪುರುಚಿ! ನಾವು ಶಾಲೆಗೆ ಹೋಗುವಾಗ ದಾರಿಯುದ್ದಕ್ಕೂ ಕಿತ್ತು ತಿನ್ನುತ್ತಿದ್ದೆವು. ಅಮ್ಮನಿಗೆ ಹೇಳಿ.

ಕೆಂಪುಮಣ್ಣು
ಹೇಳಿದೆ. ಅಮ್ಮ ಆಗಲೇ ತೆಂಗೇಸಿ ಎನ್ನತೊಡಗಿದ್ದಾರೆ. ಈಗ ಆಕೆಗೆ ಪುಳ್ಳಂಪುರುಚಿ ಹೇಳಿಕೊಡಲು ಅಂಗಳಕ್ಕೆ ಹೋದರು.